ಪ್ಲೇಟ್ ಹಿಂದೆ ನಿಲ್ಲುವವರಿಗೆ: ಮಕ್ಕಳ ಸಾಫ್ಟ್‌ಬಾಲ್ ಅಂಪೈರಿಂಗ್ ಕೈಪಿಡಿ

ಏಪ್ರಿಲ್ ತಿಂಗಳ ಶನಿವಾರ ಬೆಳಿಗ್ಗೆ ನ್ಯೂಜೆರ್ಸಿಯ ನಮ್ಮ ಊರಿನ ಪಾರ್ಕಿಗೆ ಹೋದರೆ ಮೂರು ಮೈದಾನಗಳಲ್ಲೂ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ (ದೊಡ್ಡ ಚೆಂಡಿನ, ಬೇಸ್‌ಬಾಲ್‌ನಂಥ ಆಟ) ನಡೆಯುತ್ತಿರುತ್ತದೆ. ತಂತಿಬೇಲಿಯ ಈಚೆ ಮಡಚುವ ಕುರ್ಚಿಗಳಲ್ಲಿ ಶಾಲು ಹೊದ್ದು ಕುಳಿತ ಅಪ್ಪ ಅಮ್ಮಂದಿರ ನಡುವೆ ಈಗ ಕನ್ನಡದ ಮಾತೂ ಕಿವಿಗೆ ಬೀಳುತ್ತದೆ. ನಮ್ಮ ಮಕ್ಕಳು ಈ ಆಟವನ್ನು ಪ್ರೀತಿಯಿಂದ ಆಡುತ್ತಿದ್ದಾರೆ. ಹೀಗಿರುವಾಗ ಒಂದು ದಿನ ಕೋಚ್ ಬೇಲಿಯ ಬಳಿ ಬಂದು, "ಇವತ್ತಿನ ಅಂಪೈರ್ ಬಂದಿಲ್ಲ. ನೀವು ಕ್ರಿಕೆಟ್ ಆಡಿದವರಲ್ಲವೇ, ನಿಲ್ಲುತ್ತೀರಾ?" ಎಂದು ಕೇಳುತ್ತಾರೆ. ನನಗೆ ಆ ಕರೆ ಬಂದು ಒಂಬತ್ತು ಹಂಗಾಮುಗಳಾದವು. ಅಂದು ಏನೂ ತಿಳಿಯದೆ ನಿಂತೆ, ಆಮೇಲೆ ಕಲಿತೆ. ಇನ್ನು ಮುಂದೆ ನಿಲ್ಲುವವರು ಕಲಿತೇ ನಿಲ್ಲಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಹತ್ತು ವರ್ಷದ ಹುಡುಗಿ ಚಳಿಯಲ್ಲಿ ಕೈ ಉಜ್ಜಿಕೊಂಡು ಬ್ಯಾಟ್ ಹಿಡಿದು ಬರುವಾಗ, ತೀರ್ಪು ಕೊಡುವವರು ಸರಿಯಾಗಿ ನೋಡುತ್ತಿದ್ದಾರೆ ಎಂಬ ನಂಬಿಕೆ ಅವಳಿಗೆ ಸಿಗಬೇಕು.

ಮೊದಲು ಕ್ರಿಕೆಟ್ ಕಣ್ಣನ್ನು ತಿದ್ದಿಕೊಳ್ಳಿ

ಕ್ರಿಕೆಟ್ ಬಲ್ಲವರಿಗೆ ಅರ್ಧ ಕೆಲಸ ಗೊತ್ತಿರುತ್ತದೆ, ಉಳಿದರ್ಧವನ್ನು ಮರೆಯಬೇಕಾಗುತ್ತದೆ. ಕ್ರಿಕೆಟ್ಟಿನಲ್ಲಿ ಯಾರಾದರೂ ಅಪೀಲು ಮಾಡುವವರೆಗೆ ಅಂಪೈರ್ ಔಟ್ ಕೊಡುವುದಿಲ್ಲ. ಸಾಫ್ಟ್‌ಬಾಲ್‌ನಲ್ಲಿ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಬ್ಯಾಟರ್ ಹೊಡೆಯದೆ ಬಿಟ್ಟ ಎಸೆತ ಪ್ರತಿಯೊಂದೂ ಒಂದೋ ಬಾಲ್, ಇಲ್ಲವೇ ಸ್ಟ್ರೈಕ್: ಹೊಡೆಯಬಹುದಾದ ವಲಯದಲ್ಲಿ ಬಂದರೆ ಸ್ಟ್ರೈಕ್, ಅದರ ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್, ನಾಲ್ಕು ಬಾಲಿಗೆ ಮೊದಲ ಬೇಸಿಗೆ ಪುಕ್ಕಟೆ ನಡಿಗೆ. ಬೇಸ್, ಅಂದರೆ ಓಡುವವರು ಮುಟ್ಟಬೇಕಾದ ಗುರುತಿನ ಬಳಿ ನಡೆದದ್ದು ಒಂದೋ ಔಟ್, ಇಲ್ಲವೇ ಸೇಫ್. ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ ಹೀಗೆ ಬಾಯಿಬಿಟ್ಟು ಹೇಳಬೇಕು. ಅನುಮಾನದ ಲಾಭ ಬ್ಯಾಟರ್‌ಗೆ ಎಂಬ ನಮ್ಮ ಹಳೆಯ ರೂಢಿಗೆ ಇಲ್ಲಿ ಜಾಗವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

ಸಂಜ್ಞೆಗಳೂ ಬೇರೆ. ಎರಡೂ ಕೈಗಳನ್ನು ಅಡ್ಡಕ್ಕೆ ಚಾಚಿದರೆ ಅಲ್ಲಿ ವೈಡ್, ಇಲ್ಲಿ ಸೇಫ್. ಎರಡೂ ಕೈ ಮೇಲೆತ್ತಿದರೆ ಅಲ್ಲಿ ಸಿಕ್ಸರ್, ಇಲ್ಲಿ ಫೌಲ್ (ಹೊಡೆದ ಚೆಂಡು ಗೆರೆಯಾಚೆ ಹೋಯಿತು) ಅಥವಾ ಡೆಡ್ ಬಾಲ್. ಅಂದರೆ ಆಟ ನಿಂತಿತು ಎಂದರ್ಥ. ತೋರುಬೆರಳಿನ ಬದಲು ಇಲ್ಲಿ ಔಟ್‌ಗೆ ಬಲಮುಷ್ಟಿ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಒಂದು ವಾರ ಅಭ್ಯಾಸ ಮಾಡಿ. ಮೈದಾನದಲ್ಲಿ ಕೈ ತಾನಾಗಿಯೇ ಏಳಬೇಕು. ಕೈ ಹಿಂದೆಮುಂದೆ ನೋಡಿದರೆ, ಸರಿಯಾದ ತೀರ್ಪನ್ನೂ ಜನ ನಂಬುವುದಿಲ್ಲ.

ಯಾವ ಪುಸ್ತಕ, ಯಾವ ಲೀಗ್

ಅಮೆರಿಕದಲ್ಲಿ ಮಕ್ಕಳ ಸಾಫ್ಟ್‌ಬಾಲ್ ಒಂದೇ ನಿಯಮಪುಸ್ತಕದಡಿ ನಡೆಯುವುದಿಲ್ಲ. ಕೆಲವು ಊರುಗಳು ಲಿಟಲ್ ಲೀಗ್ ಜೊತೆಗಿವೆ. ಆ ಸಂಸ್ಥೆಯ ಸಾಫ್ಟ್‌ಬಾಲ್ ವಿಭಾಗ 1974ರಲ್ಲಿ ಶುರುವಾಯಿತು. ಅಲ್ಲಿ ಅಂಪೈರ್‌ಗಳು ಹೆಚ್ಚಾಗಿ ಸ್ವಯಂಸೇವಕರು; ವಿಶ್ವ ಸರಣಿಯಲ್ಲಿ ನಿಲ್ಲುವವರೂ ಸಂಬಳವಿಲ್ಲದೆ ನಿಲ್ಲುತ್ತಾರೆ. ಇನ್ನು ಕೆಲವು ಲೀಗ್‌ಗಳು ಒಕ್ಲಹೋಮಾ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆಯ ನಿಯಮಗಳನ್ನು ಅನುಸರಿಸುತ್ತವೆ. ಪ್ರೌಢಶಾಲೆಗಳದ್ದು ಇನ್ನೊಂದು ಪುಸ್ತಕ. ಇವುಗಳ ಮೇಲೆ ಪ್ರತಿ ಊರೂ ತನ್ನ ಸ್ಥಳೀಯ ನಿಯಮಗಳನ್ನು ಸೇರಿಸಿಕೊಂಡಿರುತ್ತದೆ: ಒಂದು ಇನಿಂಗ್ಸಿನಲ್ಲಿ ಗರಿಷ್ಠ ಎಷ್ಟು ರನ್, ಪಂದ್ಯಕ್ಕೆ ಎಷ್ಟು ಸಮಯ, ಬೇಸ್ ಕದಿಯಲು (ಬ್ಯಾಟರ್ ಚೆಂಡು ಹೊಡೆಯದಿದ್ದರೂ ಮುಂದಿನ ಬೇಸಿಗೆ ಓಡಲು) ಅವಕಾಶವಿದೆಯೇ ಇತ್ಯಾದಿ. ಕೋಚ್‌ಗಳ ಜೊತೆ ಆಗುವ ಜಗಳಗಳಲ್ಲಿ ಬಹುಪಾಲು ಈ ಸ್ಥಳೀಯ ನಿಯಮಗಳ ಸುತ್ತಲೇ ಆಗುವುದನ್ನು ನಾನು ಕಂಡಿದ್ದೇನೆ. ಆ ಹಾಳೆಯನ್ನು ಮುದ್ರಿಸಿ ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಿ.

ನೋಂದಣಿಗೆ ಲೀಗ್‌ನ ಮುಖ್ಯ ಅಂಪೈರ್‌ಗೆ ಇಮೇಲ್ ಬರೆದರೆ ಸಾಕು. ಮಕ್ಕಳ ನಡುವೆ ಕೆಲಸ ಮಾಡುವುದರಿಂದ ಹಿನ್ನೆಲೆ ಪರಿಶೀಲನೆಗೆ ಒಪ್ಪಿಗೆ ಕೊಡಬೇಕು. ಅದಕ್ಕೆ ಬೇಸರಪಡಬೇಡಿ, ನಮ್ಮ ಮಕ್ಕಳನ್ನು ಕಾಯುವ ಬೇಲಿ ಅದು. ಚಳಿಗಾಲದ ಕೊನೆಯಲ್ಲಿ ಯಾವುದಾದರೂ ಶಾಲೆಯ ಒಳಾಂಗಣದಲ್ಲಿ ತರಬೇತಿ ಶಿಬಿರ ನಡೆಯುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಎಲ್ಲಿ ನಿಲ್ಲಬೇಕು, ಹೇಗೆ ಬಾಗಬೇಕು ಎಂಬುದು ಪುಸ್ತಕ ಓದಿದರೆ ಬರುವುದಿಲ್ಲ, ಯಾರಾದರೂ ಭುಜ ಹಿಡಿದು ನಿಲ್ಲಿಸಿ ತೋರಿಸಬೇಕು.

ಸಾಧ್ಯವಾದರೆ ನಿಮ್ಮ ಮಗಳು ಆಡುವ ಪಂದ್ಯಕ್ಕೆ ನಿಲ್ಲಬೇಡಿ. ನೀವು ನೂರಕ್ಕೆ ನೂರು ನ್ಯಾಯವಾಗಿದ್ದರೂ ಎದುರು ತಂಡದ ಪೋಷಕರ ಮನಸ್ಸಿನಲ್ಲಿ ಒಂದು ಹುಳು ಹೊಕ್ಕಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಕ್ಷಪಾತ ಎನ್ನಿಸಬಾರದೆಂದು ನಿಮ್ಮ ಮಗಳಿಗೇ ನೀವು ಕಟುವಾಗಿಬಿಡುತ್ತೀರಿ. ಅದು ಆ ಮಗುವಿಗೆ ಮಾಡುವ ಅನ್ಯಾಯ.

ಮೈಮೇಲೆ ಏನೇನು ಬೇಕು

ಬ್ಯಾಟರ್ ಮುಂದೆ ನೆಲದಲ್ಲಿರುವ ಬಿಳಿ ಹಲಗೆಯೇ ಪ್ಲೇಟ್. ಅದರ ಹಿಂದೆ ನಿಲ್ಲುವವರಿಗೆ ಮುಖವಾಡ ಮತ್ತು ಅದಕ್ಕೆ ತೂಗುವ ಗಂಟಲು ಕವಚ, ಎದೆ ಕವಚ, ಮೊಣಕಾಲಿನಿಂದ ಪಾದದವರೆಗೆ ಮುಚ್ಚುವ ಕಾಲು ಕವಚ, ಮುಂಭಾಗ ಗಟ್ಟಿಯಾಗಿರುವ ಬೂಟು ಬೇಕು. ಬಹಳಷ್ಟು ಲೀಗ್‌ಗಳು ಇವನ್ನು ಎರವಲು ಕೊಡುತ್ತವೆ. ಮುಖವಾಡವನ್ನು ಮಾತ್ರ ಸ್ವಂತ ಕೊಳ್ಳಿ, ತಲೆಗೆ ಸರಿಹೊಂದದ ಮುಖವಾಡ ಒಂದು ಫೌಲ್ ಚೆಂಡಿಗೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಸೊಂಟಕ್ಕೆ ಚೆಂಡಿನ ಚೀಲ, ಜೇಬಿನಲ್ಲಿ ಪ್ಲೇಟ್ ಒರೆಸುವ ಪುಟ್ಟ ಬ್ರಷ್, ಎಡಗೈಯಲ್ಲಿ ಇಂಡಿಕೇಟರ್. ಬಾಲ್, ಸ್ಟ್ರೈಕ್, ಔಟ್‌ಗಳ ಲೆಕ್ಕ ಇಡುವ ಈ ಸಣ್ಣ ಹಲ್ಲುಚಕ್ರದ ಸಾಧನವನ್ನು ನೋಡದೆಯೇ ಬೆರಳಲ್ಲಿ ತಿರುಗಿಸುವುದು ರೂಢಿಯಾಗಬೇಕು. ಅಂಗಿ ನೀಲಿ. ಅದಕ್ಕೇ ಇಲ್ಲಿ ಅಂಪೈರ್‌ನ ಹೆಸರು ಯಾರಿಗೂ ಬೇಕಾಗುವುದಿಲ್ಲ, ಎಲ್ಲರೂ "ಬ್ಲೂ" ಎಂದೇ ಕರೆಯುತ್ತಾರೆ.

ಅರ್ಧ ಗಂಟೆ ಮೊದಲು

ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ತಲುಪಿ ಮೈದಾನದ ಸುತ್ತ ನಡೆಯಿರಿ. ಔಟ್‌ಫೀಲ್ಡ್ ಹುಲ್ಲಿನಲ್ಲಿ ಗುಂಡಿ ಇದೆಯೇ, ಬೇಲಿಯ ತಂತಿ ಎಲ್ಲಿಯಾದರೂ ಕಿತ್ತು ಹೊರಗೆ ಬಂದಿದೆಯೇ, ಬೇಸ್‌ಗಳು ನೆಲಕ್ಕೆ ಗಟ್ಟಿಯಾಗಿ ಕೂತಿವೆಯೇ ನೋಡಿ. ಬೇಸ್‌ನಿಂದ ಬೇಸ್‌ಗೆ 60 ಅಡಿ. ಪಿಚರ್ (ಚೆಂಡೆಸೆಯುವವಳು) ನಿಲ್ಲುವ ಪಟ್ಟಿ ಪ್ಲೇಟ್‌ನಿಂದ ಎಷ್ಟು ದೂರ ಎಂಬುದು ವಯಸ್ಸಿಗೆ ತಕ್ಕಂತೆ: 10 ವರ್ಷದೊಳಗಿನವರಿಗೆ 35 ಅಡಿ, 12ರೊಳಗಿನವರಿಗೆ 40, ಅದಕ್ಕೂ ದೊಡ್ಡವರಿಗೆ 43. ಹಿಂದಿನ ಪಂದ್ಯ ದೊಡ್ಡ ಹುಡುಗಿಯರದಾಗಿದ್ದರೆ ಪಟ್ಟಿ 43ರಲ್ಲೇ ಉಳಿದಿರಬಹುದು. ಚಿಕ್ಕ ಹುಡುಗಿಯೊಬ್ಬಳು ಇಡೀ ಇನಿಂಗ್ಸ್ ಎಂಟು ಅಡಿ ಹೆಚ್ಚು ದೂರದಿಂದ ಎಸೆದು, ಸಾಲಾಗಿ ಎಲ್ಲರಿಗೂ ನಡಿಗೆ ಕೊಟ್ಟು ಕಣ್ಣೀರು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾರೂ ಅಳೆದಿರಲಿಲ್ಲ. ಅಂದಿನಿಂದ ನನ್ನ ಚೀಲದಲ್ಲಿ ಅಳತೆ ಟೇಪ್ ಇರುತ್ತದೆ. ಚೆಂಡನ್ನೂ ಕೈಯಲ್ಲಿ ಹಿಡಿದು ನೋಡಿ. 10ರೊಳಗಿನವರಿಗೆ ಸುತ್ತಳತೆ 11 ಇಂಚು, ಅದಕ್ಕಿಂತ ದೊಡ್ಡವರಿಗೆ 12 ಇಂಚು.

ಆಮೇಲೆ ಬ್ಯಾಟುಗಳು. ಒಂದೊಂದನ್ನೂ ಬೆರಳು ಸುತ್ತಿ ಸವರಿ. ಬಿರುಕು, ತಗ್ಗು, ಸಡಿಲ ಹಿಡಿಕೆ ಇದ್ದರೆ ಪಕ್ಕಕ್ಕಿಡಿ. ಲೀಗ್ ಕೇಳುವ ಪ್ರಮಾಣೀಕರಣದ ಮುದ್ರೆ ಇರಬೇಕು. ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆಗೆ 2017ಕ್ಕೆ ಮುನ್ನ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರಿತ್ತು. ಹಾಗಾಗಿ ಅಕ್ಕನಿಂದ ತಂಗಿಗೆ ಬಂದ ಹಳೆಯ ಬ್ಯಾಟುಗಳ ಮೇಲೆ ಎಎಸ್‌ಎ ಎಂಬ ಮೂರಕ್ಷರ ಕಾಣುತ್ತದೆ. ಗಾಬರಿಯಾಗದೆ, ಒಪ್ಪಿತ ಬ್ಯಾಟುಗಳ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಹೆಲ್ಮೆಟ್ಟಿಗೆ ಮುಖದ ಜಾಲರಿ ಇದೆಯೇ, ಕ್ಯಾಚರ್, ಅಂದರೆ ಪ್ಲೇಟ್ ಹಿಂದೆ ಚೆಂಡು ಹಿಡಿಯುವ ಹುಡುಗಿಗೆ ಗಂಟಲು ಕವಚ ಇದೆಯೇ ಎಂಬುದನ್ನು ಮಾತ್ರ ಎಷ್ಟು ತಡವಾದರೂ ಬಿಡಬೇಡಿ.

ನಂತರ ಇಬ್ಬರು ಮುಖ್ಯ ಕೋಚ್‌ಗಳನ್ನು ಪ್ಲೇಟ್ ಬಳಿ ಕರೆದು ಆಟಗಾರ್ತಿಯರ ಪಟ್ಟಿ ಪಡೆಯಿರಿ. ಚೆಂಡು ಬೇಲಿಯಡಿ ನುಸುಳಿದರೆ ಏನು, ಮರದ ಕೊಂಬೆಗೆ ತಾಗಿದರೆ ಏನು, ಪಂದ್ಯ ಎಷ್ಟು ಗಂಟೆಗೆ ಮುಗಿಯಬೇಕು ಎಂಬುದನ್ನು ಅಲ್ಲಿಯೇ ಇಬ್ಬರೂ ಕೇಳುವಂತೆ ಹೇಳಿ ಒಪ್ಪಿಸಿ. ಎರಡು ನಿಮಿಷದ ಮಾತು ಸಾಕು.

ಪ್ಲೇಟ್ ಹಿಂದೆ: ಇಡೀ ಪಂದ್ಯ ಇಲ್ಲಿಯೇ

ಕ್ಯಾಚರ್‌ನ ನೇರ ಹಿಂದೆ ನಿಲ್ಲಬೇಡಿ. ಅವಳ ಹೆಲ್ಮೆಟ್ಟಿನ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬ್ಯಾಟರ್ ಮತ್ತು ಕ್ಯಾಚರ್‌ನ ಒಳಭುಜದ ನಡುವೆ ಒಂದು ಕಿಂಡಿ ಇರುತ್ತದೆ. ಅದೇ ನಿಮ್ಮ ಜಾಗ. ನಿಮ್ಮ ಗದ್ದ ಕ್ಯಾಚರ್‌ನ ತಲೆಯ ಮಟ್ಟಕ್ಕೆ ಬರುವಷ್ಟು ಬಾಗಿ. ಬ್ಯಾಟರ್ ಕಡೆಯ ಕಾಲು ತುಸು ಮುಂದೆ, ಇನ್ನೊಂದು ತುಸು ಹಿಂದೆ ಮತ್ತು ಅಗಲಕ್ಕೆ. ಪಿಚರ್ ತೋಳು ತಿರುಗಿಸಲು ಶುರು ಮಾಡಿದಾಗ ಬಾಗಿ, ಚೆಂಡು ಕೈಬಿಡುವ ಹೊತ್ತಿಗೆ ಕಲ್ಲಿನಂತೆ ಅಲುಗಾಡದೆ ಇರಿ. ಆಮೇಲೆ ತಲೆ ತಿರುಗಬಾರದು, ಕಣ್ಣು ಮಾತ್ರ ಚೆಂಡಿನ ಜೊತೆ ಗ್ಲೌಸಿನೊಳಗೆ ಹೋಗಬೇಕು. ತಲೆ ಅಲುಗಿದರೆ ನೆಟ್ಟಗೆ ಬಂದ ಚೆಂಡೂ ತಿರುಗಿದಂತೆ ಕಾಣುತ್ತದೆ.

ಹೊಸಬರು ಕಣ್ಣು ಮಿಟುಕಿಸುತ್ತಾರೆ. ಬ್ಯಾಟ್ ಬೀಸಿದಾಗ ಮುಖ ಹಿಂದಕ್ಕೆ ಹೋಗುತ್ತದೆ. ಅದು ಸಹಜ. ಪಂದ್ಯಕ್ಕೆ ಮೊದಲು ಪಿಚರ್ ಅಭ್ಯಾಸ ಮಾಡುವಾಗ ಕವಚಗಳನ್ನೆಲ್ಲ ತೊಟ್ಟು ಕ್ಯಾಚರ್ ಹಿಂದೆ ನಿಂತು ಇಪ್ಪತ್ತು ಎಸೆತ ಸುಮ್ಮನೆ ನೋಡಿ. ಕವಚ ಕಾಯುತ್ತದೆ ಎಂಬುದು ಮೈಗೆ ಮನದಟ್ಟಾಗಬೇಕು, ಬುದ್ಧಿಗೆ ಗೊತ್ತಿದ್ದರೆ ಸಾಲದು.

ಈಗ ಸ್ಟ್ರೈಕ್ ವಲಯ. ಯುಎಸ್‌ಎ ಸಾಫ್ಟ್‌ಬಾಲ್ ನಿಯಮದಲ್ಲಿ ಅದು ಬ್ಯಾಟರ್ ಸಹಜವಾಗಿ ನಿಂತಾಗ ಅವಳ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ, ಪ್ಲೇಟ್‌ನ ಮೇಲೆ. ಪ್ಲೇಟ್ 17 ಇಂಚು ಅಗಲ. ಆದರೆ ಚೆಂಡಿನ ಯಾವುದೇ ಭಾಗ ಪ್ಲೇಟ್‌ನ ಯಾವುದೇ ಅಂಚಿನ ಮೇಲೆ ಹಾದರೂ ಅದು ಸ್ಟ್ರೈಕ್. 12 ಇಂಚು ಸುತ್ತಳತೆಯ ಚೆಂಡಿನ ಅಡ್ಡಳತೆ ಸುಮಾರು 3.8 ಇಂಚು. ಎಡಬಲ ಎರಡೂ ಕಡೆ ಒಂದೊಂದು ಚೆಂಡು ಸೇರಿಸಿ ಲೆಕ್ಕ ಹಾಕಿ: ನಿಮ್ಮ ವಲಯದ ನಿಜವಾದ ಅಗಲ ಎರಡು ಅಡಿಗಿಂತ ತುಸು ಹೆಚ್ಚೇ ಆಯಿತು. ಇದು ತಿಳಿದ ದಿನ ನನ್ನ ತೀರ್ಪು ಬದಲಾಯಿತು. ಅದುವರೆಗೆ ನಾನು ಮಕ್ಕಳಿಗೆ ಕೊಡುತ್ತಿದ್ದ ವಲಯ ಒಂದು ಅಂಚೆ ಲಕೋಟೆಯಷ್ಟಿತ್ತು.

ಎಲ್‌ಬಿಡಬ್ಲ್ಯು ನೋಡಿ ಪಳಗಿದ ಕಣ್ಣು ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸುತ್ತದೆ. ಇಲ್ಲಿ ಅದು ಬೇಡ. ಚೆಂಡು ಪ್ಲೇಟ್ ಮೇಲಿದ್ದಾಗ ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ಕ್ಯಾಚರ್ ಎಲ್ಲಿ ಹಿಡಿದಳು ಎಂಬುದಕ್ಕೆ ಬೆಲೆಯಿಲ್ಲ. ಹತ್ತು ವರ್ಷದವರ ಎಸೆತ ಕಮಾನಿನಂತೆ ಬಂದು ಇಳಿಯುತ್ತದೆ. ಮೊಣಕಾಲಿನ ಮೇಲೆ ಪ್ಲೇಟ್ ದಾಟಿದ ಚೆಂಡನ್ನು ಕ್ಯಾಚರ್ ನೆಲಕ್ಕೆ ಅರ್ಧ ಅಡಿ ಎತ್ತರದಲ್ಲಿ ಹಿಡಿಯಬಹುದು. ಅದು ಸ್ಟ್ರೈಕ್. ನೋಡುವವರಿಗೆ ಕೆಳಗಿನದು ಎನ್ನಿಸುತ್ತದೆ, ಕೂಗುತ್ತಾರೆ, ಕೂಗಲಿ. ಚಿಕ್ಕವರ ಪಂದ್ಯದಲ್ಲಿ ವಲಯವನ್ನು ಉದಾರವಾಗಿಡಿ, ಆದರೆ ಮೊದಲ ಇನಿಂಗ್ಸಿನಲ್ಲಿ ಕೊಟ್ಟ ಅಂಚನ್ನು ಕೊನೆಯ ಇನಿಂಗ್ಸಿನಲ್ಲೂ ಕೊಡಿ. ವಲಯ ಕಿರಿದಾದರೆ ಯಾರೂ ಬ್ಯಾಟ್ ಬೀಸುವುದಿಲ್ಲ, ಎಲ್ಲರೂ ನಾಲ್ಕು ಬಾಲ್‌ಗೆ ಕಾಯುತ್ತಾರೆ. ಫೀಲ್ಡಿಂಗ್ ಹುಡುಗಿಯರು ಹುಲ್ಲು ಕೀಳುತ್ತಾ ನಿಲ್ಲುತ್ತಾರೆ. ಮಕ್ಕಳು ಓಡಬೇಕು, ಹೊಡೆಯಬೇಕು.

ಹೇಳುವ ಕ್ರಮ ಹೀಗೆ. ಬಾಲ್ ಆದರೆ ಬಾಗಿದಲ್ಲಿಯೇ ಇದ್ದು ಬಾಯಲ್ಲಿ ಹೇಳಿ, ಕೈಸಂಜ್ಞೆ ಇಲ್ಲ. ಬೀಸದೆ ಬಿಟ್ಟ ಸ್ಟ್ರೈಕ್ ಆದರೆ ಹೇಳಿ, ಎದ್ದು, ಬಲಗೈ ಸಂಜ್ಞೆ ಮಾಡಿ. ಬೀಸಿ ತಪ್ಪಿದ್ದರೆ ಸಂಜ್ಞೆ ಮಾತ್ರ ಸಾಕು, ಎಲ್ಲರೂ ನೋಡಿರುತ್ತಾರೆ. ಲೆಕ್ಕ ತೋರಿಸುವಾಗ ಬಾಲ್ ಎಡಗೈಯಲ್ಲಿ, ಸ್ಟ್ರೈಕ್ ಬಲಗೈಯಲ್ಲಿ, ಬಾಲ್ ಸಂಖ್ಯೆ ಮೊದಲು. ಪ್ಲೇಟ್ ಮೇಲೆ ಮಣ್ಣು ಕೂತರೆ ಮುಂದೆ ಬಂದು, ಮೈದಾನಕ್ಕೆ ಬೆನ್ನು ಮಾಡಿ ಬಾಗಿ ಒರೆಸಿ. ಪ್ರೇಕ್ಷಕರತ್ತ ಬೆನ್ನು ಮಾಡಿ ಬಾಗುವುದನ್ನು ಇಲ್ಲಿ ಅಗೌರವ ಎಂದೇ ಎಣಿಸುತ್ತಾರೆ.

ಬೇಸ್ ಬಳಿಯ ತೀರ್ಪು: ಒಂದು ಉಸಿರು ಕಾಯಿರಿ

ನನ್ನ ಮೊದಲ ಹಂಗಾಮಿನ ಒಂದು ಚೆಂಡು ಇಂದಿಗೂ ನೆನಪಿದೆ. 10ರೊಳಗಿನವರ ಪಂದ್ಯ. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹುಡುಗಿ ಉರುಳುತ್ತಾ ಬಂದ ಚೆಂಡನ್ನು ಎರಡೂ ಕೈಯಲ್ಲಿ ಬಾಚಿ ಮೊದಲ ಬೇಸ್‌ಗೆ ಎಸೆದಳು. ಗ್ಲೌಸಿನಲ್ಲಿ ಟಪ್ ಎಂದು ಸದ್ದಾಯಿತು, ರನ್ನರ್ ಇನ್ನೂ ಒಂದು ಹೆಜ್ಜೆ ಹಿಂದಿದ್ದಳು. ನಾನು ಮುಷ್ಟಿ ಎತ್ತಿ "ಔಟ್" ಎಂದು ಕೂಗಿಯೇಬಿಟ್ಟೆ. ಅಷ್ಟರಲ್ಲಿ ಚೆಂಡು ಗ್ಲೌಸಿನ ತುದಿಯಿಂದ ಜಾರಿ ಕೆಂಪು ಮಣ್ಣಿನ ಮೇಲೆ ಬಿತ್ತು. ಬೇಸ್ ಮೇಲೆ ನಿಂತ ಹುಡುಗಿ ಒಮ್ಮೆ ಚೆಂಡನ್ನು, ಒಮ್ಮೆ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಅವಳಿಗೆ ನಿಯಮ ಗೊತ್ತಿತ್ತು. ನಾನು ಕೈ ಅಡ್ಡಕ್ಕೆ ಚಾಚಿ, "ಸೇಫ್, ಚೆಂಡು ಬಿದ್ದಿದೆ" ಎಂದು ತಿದ್ದಿಕೊಂಡೆ. ಒಂದು ತಂಡ ಕೂಗಿತು, ಇನ್ನೊಂದು ಸುಮ್ಮನಿತ್ತು. ತಪ್ಪು ಕಣ್ಣಿನದಲ್ಲ, ಆತುರದ್ದು.

ಆದ್ದರಿಂದ ಚೆಂಡು ಬಂತು, ಕಾಲು ಬೇಸ್ ಮೇಲಿದೆ, ಗ್ಲೌಸಿನಲ್ಲಿ ಚೆಂಡು ನಿಂತಿದೆ ಎಂಬುದನ್ನು ನೋಡಿ, ಒಂದು ಉಸಿರು ಬಿಟ್ಟು, ಆಮೇಲೆ ಹೇಳಿ. ಅಷ್ಟು ಕಾದರೆ ಯಾರೂ ಬೈಯುವುದಿಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸರಿಯಾಗಿ ನೋಡಲು ಜಾಗ ಸರಿಯಿರಬೇಕು. ಚೆಂಡು, ಅದನ್ನು ಹಿಡಿಯುವ ಫೀಲ್ಡರ್, ಓಡುವ ರನ್ನರ್, ಇವೆಲ್ಲ ಸೇರುವ ಬೇಸ್: ಈ ನಾಲ್ಕೂ ನಿಮ್ಮ ಕಣ್ಣ ಮುಂದಿರಬೇಕು, ಯಾವುದೂ ಬೆನ್ನ ಹಿಂದೆ ಹೋಗಬಾರದು. ಎಸೆತದ ದಾರಿಗೆ ಲಂಬವಾಗಿ ನಿಲ್ಲಿ. ಬೇಸ್ ಮುಟ್ಟಿದರೆ ಸಾಕಾಗುವ ಫೋರ್ಸ್ ಔಟ್‌ಗೆ ಸುಮಾರು 18 ಅಡಿ ದೂರ ಒಳ್ಳೆಯದು, ರನ್ನರ್ ಮೈಗೆ ಚೆಂಡು ಮುಟ್ಟಿಸಬೇಕಾದ ಟ್ಯಾಗ್‌ಗೆ 10–12 ಅಡಿಗೆ ಬನ್ನಿ. ಫೋರ್ಸ್ ಔಟ್‌ನಲ್ಲಿ ಕಣ್ಣು ಬೇಸ್ ಮೇಲಿನ ಕಾಲುಗಳ ಕಡೆ, ಕಿವಿ ಗ್ಲೌಸಿನ ಸದ್ದಿನ ಕಡೆ. ಟ್ಯಾಗ್‌ನಲ್ಲಿ ಗ್ಲೌಸ್ ಮೈಗೆ ತಾಗಿತೇ ಎಂಬುದಷ್ಟೇ ಅಲ್ಲ, ಚೆಂಡು ಅದರೊಳಗೇ ಉಳಿಯಿತೇ ಎಂಬುದನ್ನೂ ನೋಡಿ. ಅನುಮಾನವಿದ್ದರೆ "ಚೆಂಡು ತೋರಿಸಮ್ಮ" ಎಂದು ಕೇಳಿ. ಓಡುತ್ತಾ ತೀರ್ಪು ಕೊಡಬೇಡಿ. ಸರಿಯಾದ ಜಾಗಕ್ಕೆ ಎರಡು ಹೆಜ್ಜೆ ಕಡಿಮೆಯಾದರೂ ಪರವಾಗಿಲ್ಲ, ನಿಂತು ನೋಡಿ.

ಚಿಕ್ಕ ಮಕ್ಕಳ ಪಂದ್ಯಕ್ಕೆ ಸಾಮಾನ್ಯವಾಗಿ ಒಬ್ಬರೇ ಅಂಪೈರ್. ಚೆಂಡು ಹೊಡೆದ ತಕ್ಷಣ ಕ್ಯಾಚರ್‌ನ ಎಡಬದಿಯಿಂದ ಹೊರಬಂದು, ಮುಖವಾಡವನ್ನು ಎಡಗೈಯಲ್ಲಿ ತೆಗೆದು, ಮೈದಾನದೊಳಕ್ಕೆ ನಾಲ್ಕಾರು ಹೆಜ್ಜೆ ಹಾಕಿ. ಪ್ಲೇಟ್ ಬಳಿಯೇ ಬೇರೂರಿ ನಿಂತು 60 ಅಡಿ ದೂರದ ಬೇಸ್‌ಗೆ ತೀರ್ಪು ಕೊಟ್ಟರೆ ಅದು ಸರಿಯಿದ್ದರೂ ಯಾರೂ ಒಪ್ಪುವುದಿಲ್ಲ. ಇಬ್ಬರಿದ್ದರೆ, ಬೇಸ್ ಅಂಪೈರ್‌ಗೆ ಒಂದು ಸರಳ ಸೂತ್ರವಿದೆ: ಚೆಂಡು ಔಟ್‌ಫೀಲ್ಡಿಗೆ ಹೋದರೆ ನೀವು ಒಳಗೆ ಬನ್ನಿ, ಇನ್‌ಫೀಲ್ಡಿನಲ್ಲೇ (ಬೇಸ್ ಸುತ್ತಲಿನ ಅಂಗಳದಲ್ಲೇ) ಉಳಿದರೆ ನೀವು ಹೊರಗೇ ಇರಿ.

ಮೊದಲ ಬೇಸ್ ಬಳಿ ಈಗ ಬಹಳ ಕಡೆ ಜೋಡಿ ಬೇಸ್ ಇರುತ್ತದೆ: ಗೆರೆಯ ಒಳಗಿನ, ಅಂದರೆ ಫೇರ್ ಕಡೆಯ ಬಿಳಿ ಫೀಲ್ಡರ್‌ಗೆ, ಹೊರಗಿನ ಕಿತ್ತಳೆ ಓಡಿ ಬರುವ ಬ್ಯಾಟರ್‌ಗೆ. ಡಿಕ್ಕಿಯಾಗಿ ಮಕ್ಕಳ ಕಣಕಾಲು ಮುರಿಯದಿರಲೆಂದು ಮಾಡಿದ ಏರ್ಪಾಡು. ಈ ಬೇಸ್‌ನ ಬಗ್ಗೆ ಪಂದ್ಯಕ್ಕೆ ಮೊದಲೇ ಎರಡೂ ತಂಡಗಳಿಗೆ ನೆನಪಿಸಿ.

ಫೇರ್ ಮತ್ತು ಫೌಲ್

ಪ್ಲೇಟ್ ಬಳಿಯಿಂದ ಮೊದಲ ಮತ್ತು ಮೂರನೇ ಬೇಸ್ ಕಡೆ ಹೋಗುವ ಎರಡು ಗೆರೆಗಳ ಒಳಗಿನದು ಫೇರ್, ಹೊರಗಿನದು ಫೌಲ್. ಗೆರೆಯೂ ಫೇರ್, ಪ್ಲೇಟೂ ಫೇರ್, ಬೇಸ್ ಕೂಡ ಫೇರ್. ಮೊದಲ ಅಥವಾ ಮೂರನೇ ಬೇಸ್ ದಾಟುವವರೆಗೆ ನೆಲದ ಮೇಲೆ ಉರುಳುವ ಚೆಂಡು ಒಳಹೊರಗೆ ಎಷ್ಟು ಬಾರಿ ಹೋದರೂ ಲೆಕ್ಕಕ್ಕಿಲ್ಲ, ಎಲ್ಲಿ ನಿಂತಿತು ಅಥವಾ ಯಾರು ಎಲ್ಲಿ ಮುಟ್ಟಿದರು ಎಂಬುದೇ ಲೆಕ್ಕ. ಫೀಲ್ಡರ್‌ನ ಕಾಲು ಎಲ್ಲಿದೆ ಎಂದು ನೋಡಬೇಡಿ, ಚೆಂಡು ಎಲ್ಲಿದೆ ನೋಡಿ. ಗೆರೆಯ ಮೇಲೆ ಕಾಲಗಲಿಸಿ ನಿಂತರೆ ಕಾಣುತ್ತದೆ.

ಫೌಲ್ ಆದರೆ ಎರಡೂ ಕೈ ಎತ್ತಿ ಗಟ್ಟಿಯಾಗಿ ಕೂಗಿ. ಫೇರ್ ಆದರೆ ಮೈದಾನದ ಒಳಗೆ ಕೈ ತೋರಿಸಿ, ಬಾಯಿ ಮಾತ್ರ ಬಿಡಬೇಡಿ. ಗದ್ದಲದಲ್ಲಿ ಈ ಎರಡು ಪದಗಳೂ ಒಂದೇ ಥರ ಕೇಳುತ್ತವೆ. "ಫೌಲ್" ಎಂದು ಕೇಳಿಸಿಕೊಂಡ ಮಕ್ಕಳು ಅಲ್ಲಿಯೇ ನಿಂತುಬಿಡುತ್ತಾರೆ, ಒಮ್ಮೆ ಕೂಗಿದ ಫೌಲನ್ನು ಹಿಂದಕ್ಕೆ ಪಡೆಯಲೂ ಆಗುವುದಿಲ್ಲ.

ಎಡವಿಸುವ ನಿಯಮಗಳು

ಇನ್‌ಫೀಲ್ಡ್ ಫ್ಲೈ: ಒಂದು ಮತ್ತು ಎರಡನೇ ಬೇಸ್‌ಗಳಲ್ಲಿ, ಅಥವಾ ಮೂರರಲ್ಲೂ ರನ್ನರ್‌ಗಳಿದ್ದು, ಎರಡು ಔಟ್ ಇನ್ನೂ ಆಗಿಲ್ಲದಿದ್ದರೆ, ಇನ್‌ಫೀಲ್ಡರ್ ಸಲೀಸಾಗಿ ಹಿಡಿಯಬಹುದಾದ ಫೇರ್ ಚೆಂಡು ಮೇಲಕ್ಕೆದ್ದ ಕೂಡಲೇ ಬ್ಯಾಟರ್ ಔಟ್, ಹಿಡಿದರೂ ಬಿಟ್ಟರೂ. ಬೇಕೆಂದೇ ಚೆಂಡು ಬೀಳಿಸಿ ಎರಡು ಔಟ್ ಪಡೆಯುವ ಮೋಸವನ್ನು ಈ ನಿಯಮ ತಡೆಯುತ್ತದೆ. ಚೆಂಡು ಎತ್ತರಕ್ಕೇರಿ ಇಳಿಯತೊಡಗುವ ಹೊತ್ತಿಗೆ ಬಲಗೈ ಎತ್ತಿ ಕೂಗಿ ಹೇಳಿ. ಆಟ ನಿಲ್ಲುವುದಿಲ್ಲ, ರನ್ನರ್‌ಗಳು ತಮ್ಮ ಜವಾಬ್ದಾರಿಯಲ್ಲಿ ಓಡಬಹುದು. ಚಿಕ್ಕವರಲ್ಲಿ ಯಾವ ಚೆಂಡು ಸಲೀಸಾದದ್ದು ಎಂಬುದನ್ನು ಆ ಮಕ್ಕಳ ಕೈ ನೋಡಿ ತೀರ್ಮಾನಿಸಬೇಕು. ಪರಿಸ್ಥಿತಿ ಬಂದಾಗಲೆಲ್ಲ ಎಸೆತಕ್ಕೆ ಮೊದಲೇ ಮನಸ್ಸಿನಲ್ಲಿ "ಈಗ ಇನ್‌ಫೀಲ್ಡ್ ಫ್ಲೈ ಇದೆ" ಎಂದು ಹೇಳಿಕೊಳ್ಳಿ.

ಕೈಜಾರಿದ ಮೂರನೇ ಸ್ಟ್ರೈಕ್: ಮೊದಲ ಬೇಸ್ ಖಾಲಿಯಿದ್ದರೆ, ಅಥವಾ ಆಗಲೇ ಎರಡು ಔಟ್ ಆಗಿದ್ದರೆ, ಕ್ಯಾಚರ್ ಹಿಡಿಯದ ಮೂರನೇ ಸ್ಟ್ರೈಕಿಗೆ ಬ್ಯಾಟರ್ ಓಡಬಹುದು. ಚಿಕ್ಕವರಿಗೆ ಅನೇಕ ಲೀಗ್‌ಗಳು ಇದನ್ನು ಕೈಬಿಟ್ಟಿವೆ. ಓಡುವ ಅವಕಾಶವಿಲ್ಲದಾಗ ಮಗು ಗೊತ್ತಾಗದೆ ಓಡಿದರೆ "ಬ್ಯಾಟರ್ ಔಟ್" ಎಂದು ಎರಡು ಬಾರಿ ಗಟ್ಟಿಯಾಗಿ ಹೇಳಿ. ಇಲ್ಲವಾದರೆ ಕ್ಯಾಚರ್ ಸುಮ್ಮನೆ ಚೆಂಡೆಸೆದು, ಉಳಿದ ರನ್ನರ್‌ಗಳು ಓಡಿ ಗೊಂದಲವಾಗುತ್ತದೆ.

ಬೇಸ್ ಬಿಡುವ ಸಮಯ: ಯುಎಸ್‌ಎ ಸಾಫ್ಟ್‌ಬಾಲ್ ನಿಯಮದಲ್ಲಿ ಪಿಚರ್ ಕೈಯಿಂದ ಚೆಂಡು ಬಿಡುವ ಮೊದಲು ರನ್ನರ್ ಬೇಸ್ ಬಿಟ್ಟರೆ ಡೆಡ್ ಬಾಲ್, ಆ ಎಸೆತ ಲೆಕ್ಕಕ್ಕಿಲ್ಲ, ರನ್ನರ್ ಔಟ್. ನಿಮ್ಮ ಲೀಗ್‌ನ ಶಿಕ್ಷೆ ಬೇರೆ ಇರಬಹುದು, ಮೊದಲೇ ಓದಿಕೊಳ್ಳಿ. ಅದೇ ರೀತಿ ಪಿಚರ್ ಸುತ್ತ 8 ಅಡಿ ತ್ರಿಜ್ಯದ ವೃತ್ತವಿದೆ. ಬ್ಯಾಟರ್‌ನ ಓಟ ಮುಗಿದು, ಚೆಂಡು ಹಿಡಿದು ಪಿಚರ್ ಆ ವೃತ್ತದೊಳಗೆ ನಿಂತ ಮೇಲೆ ಬೇಸ್ ನಡುವೆ ಇರುವ ರನ್ನರ್ ತಕ್ಷಣ ಮುಂದೆಯೋ ಹಿಂದೆಯೋ ಹೋಗಬೇಕು. ಅತ್ತಿತ್ತ ಆಡಿದರೆ ಔಟ್.

ಅಡ್ಡಿ: ಮಕ್ಕಳ ಪಂದ್ಯದಲ್ಲಿ ಪ್ರತಿ ವಾರ ಆಗುವುದು ಇದು. ಎರಡನೇ ಬೇಸ್ ಬಳಿಯ ಹುಡುಗಿ ಚೆಂಡಿಲ್ಲದೆ ಓಡುವ ದಾರಿಯ ಮೇಲೆ ನಿಂತಿರುತ್ತಾಳೆ. ಅವಳಿಗೆ ಕೆಟ್ಟ ಉದ್ದೇಶವಿಲ್ಲ, ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಲ್ಲ. ರನ್ನರ್ ಅವಳನ್ನು ಸುತ್ತಿಕೊಂಡು ಹೋಗಬೇಕಾಗಿ ಬಂದರೆ ಅದು ಅಬ್‌ಸ್ಟ್ರಕ್ಷನ್. ಆಟ ನಿಲ್ಲಿಸಬೇಡಿ. ಎಡಗೈಯನ್ನು ಮುಷ್ಟಿ ಹಿಡಿದು ಅಡ್ಡಕ್ಕೆ ಚಾಚಿ, ಆಟ ಮುಗಿದ ಮೇಲೆ, ಅಡ್ಡಿಯಿಲ್ಲದಿದ್ದರೆ ರನ್ನರ್ ತಲುಪುತ್ತಿದ್ದ ಬೇಸ್ ಕೊಡಿ. ಇನಿಂಗ್ಸ್ ಬದಲಾಗುವಾಗ ಕೋಚ್‌ಗೆ ಮೆಲ್ಲಗೆ, "ಆ ಮಗುವಿಗೆ ನಿಲ್ಲುವ ಜಾಗ ತೋರಿಸಿ" ಎಂದು ಹೇಳಿ. ಚೆಂಡು ಹಿಡಿದು ನಿಂತ ಫೀಲ್ಡರ್‌ಗೆ ರನ್ನರ್ ನೆಟ್ಟಗೆ ನಿಂತ ಹಾಗೆಯೇ ಬಂದು ಗುದ್ದಿದರೆ ರನ್ನರ್ ಔಟ್. ಇದರಲ್ಲಿ ಮೃದುವಾಗಬೇಡಿ.

ಕ್ರಿಕೆಟ್ಟಿನ ಹಾಗೆ ಬಾಯಿಮುಚ್ಚಿ ಕಾಯಬೇಕಾದ ಸಂದರ್ಭವೂ ಇದೆ. ರನ್ನರ್ ಬೇಸ್ ಮುಟ್ಟದೆ ದಾಟಿದರೆ, ಕ್ಯಾಚ್ ಹಿಡಿಯುವ ಮೊದಲೇ ಬೇಸ್ ಬಿಟ್ಟು ಓಡಿದರೆ, ಅಥವಾ ಸರದಿ ತಪ್ಪಿ ಬೇರೆಯವರು ಬ್ಯಾಟ್ ಮಾಡಿದರೆ, ನೀವು ನೋಡಿದ್ದರೂ ಸುಮ್ಮನಿರಿ. ಎದುರು ತಂಡ ಅಪೀಲು ಮಾಡಿದಾಗಲೇ ತೀರ್ಪು.

ಕೋಚ್, ಪೋಷಕರು, ಹದಿಹರೆಯದ ಅಂಪೈರ್‌ಗಳು

ಪ್ರಶ್ನೆ ಕೇಳುವ ಕೋಚ್ ಶತ್ರುವಲ್ಲ. ಆಟ ನಿಂತ ಮೇಲೆ ಅವರು ಹತ್ತಿರ ಬಂದು ಕೇಳಿದರೆ ಮುಖವಾಡ ತೆಗೆದು, ಕಣ್ಣು ನೋಡಿ, ಒಂದೇ ವಾಕ್ಯದಲ್ಲಿ ಉತ್ತರಿಸಿ. ಬಾಲ್, ಸ್ಟ್ರೈಕ್, ಔಟ್, ಸೇಫ್‌ಗಳು ಕಣ್ಣಿನ ತೀರ್ಪು, ಅವುಗಳ ಮೇಲೆ ವಾದವಿಲ್ಲ. ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದೀರಿ ಎಂದರೆ ಮಾತು ಬೇರೆ. ಮುಂದಿನ ಎಸೆತಕ್ಕೆ ಮೊದಲು ಕೇಳುವ ಹಕ್ಕು ಅವರಿಗಿದೆ. ಪುಸ್ತಕ ತೆರೆಯಿರಿ, ನಾಚಿಕೆ ಬೇಡ. ತಪ್ಪಿದ್ದರೆ ತಿದ್ದಿ. ಮಾತು ಮಿತಿ ಮೀರಿದರೆ ಮೊದಲು ವಿನಂತಿ, ಆಮೇಲೆ ಸ್ಪಷ್ಟ ಎಚ್ಚರಿಕೆ, ಆಮೇಲೆ ಹೊರಗೆ ಕಳುಹಿಸುವುದು. ಧ್ವನಿ ಏರಿಸದೆಯೇ ಈ ಮೂರನ್ನೂ ಮಾಡಬಹುದು. ಬೇಲಿಯಾಚೆ ಕೂಗುವ ಪೋಷಕರ ಜೊತೆ ನೀವು ಮಾತಾಡಬೇಡಿ, ಅವರ ತಂಡದ ಕೋಚ್‌ಗೆ ಹೇಳಿ. ಅದು ಅವರ ಜವಾಬ್ದಾರಿ.

ಒಂದು ಸಂಜೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಎಂಟು ವರ್ಷದವರ ಪಂದ್ಯಕ್ಕೆ ಅಂಪೈರ್ ಆಗಿದ್ದಳು. ತೀರ್ಪೊಂದಕ್ಕೆ ನಲವತ್ತು ದಾಟಿದ ವ್ಯಕ್ತಿಯೊಬ್ಬರು ಬೇಲಿ ಹಿಡಿದು ಕೂಗಿದರು. ಅವಳು ಪಂದ್ಯ ಮುಗಿಸಿದಳು, ಆದರೆ ಮುಂದಿನ ವಾರ ಬರಲಿಲ್ಲ. ನನಗೆ ಅದು ಇಂದಿಗೂ ಸಿಟ್ಟು ತರಿಸುತ್ತದೆ. ಮಕ್ಕಳ ಪಂದ್ಯಗಳಿಗೆ ಅಂಪೈರ್‌ಗಳು ಸಿಗುವುದೇ ಕಷ್ಟ, ಸಿಕ್ಕವರನ್ನು ಹೀಗೆ ಓಡಿಸುತ್ತೇವೆ. ಪಕ್ಕದ ಮೈದಾನದಲ್ಲಿ ಹೀಗಾದಾಗ ನೀವು ನೀಲಿ ಅಂಗಿಯಲ್ಲಿದ್ದರೆ, ನಿಮ್ಮ ಪಂದ್ಯ ಮುಗಿದ ಮೇಲೆ ಹೋಗಿ ಆ ಮಗುವಿನ ಪಕ್ಕದಲ್ಲಿ ಬೇಲಿಯಾಚೆ ನಿಂತುಕೊಳ್ಳಿ. ಏನೂ ಹೇಳಬೇಕಾಗಿಲ್ಲ.

ಗುಡುಗು ಮತ್ತು ಪೆಟ್ಟು

ಗುಡುಗು ಕೇಳಿದರೆ ಅಥವಾ ಮಿಂಚು ಕಂಡರೆ ಆಟ ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಕಳುಹಿಸಿ. ತಂಡ ಕೂರುವ ತಂತಿಬೇಲಿಯ ಡಗೌಟ್ ರಕ್ಷಣೆಯಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ನಡುವೆ ಇನ್ನೊಂದು ಕೇಳಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಜೂನ್ ಸಂಜೆಗಳಲ್ಲಿ ನ್ಯೂಜೆರ್ಸಿಯಲ್ಲಿ ಇದು ವಾರಕ್ಕೊಮ್ಮೆಯಾದರೂ ಬರುತ್ತದೆ. ಎಸೆತ ಮಗುವಿಗೆ ಬಡಿದರೆ ಎರಡೂ ಕೈ ಎತ್ತಿ ಡೆಡ್ ಬಾಲ್ ಎನ್ನಿ, ಆಮೇಲೆ ಅವಳ ಬಳಿ ಮಂಡಿಯೂರಿ. ತಲೆಗೆ ಪೆಟ್ಟಾಗಿದ್ದರೆ ಅವಳು "ಪರವಾಗಿಲ್ಲ" ಎಂದರೂ ಆ ದಿನ ಅವಳನ್ನು ಮತ್ತೆ ಆಡಿಸಲು ಒಪ್ಪಬೇಡಿ.

ಪಂದ್ಯ ಮುಗಿದ ಮೇಲೆ

ಕೊನೆಯ ಔಟ್ ಆದ ಮೇಲೆ ಚೆಂಡುಗಳನ್ನು ಕೋಚ್‌ಗೆ ಕೊಟ್ಟು, ಅಂಕಪಟ್ಟಿಗೆ ಸಹಿ ಬೇಕಿದ್ದರೆ ಹಾಕಿ, ಹೊರಟುಬಿಡಿ. ಬೇಲಿಯ ಬಳಿ ನಿಂತು ತೀರ್ಪುಗಳ ಚರ್ಚೆಗೆ ಇಳಿಯಬೇಡಿ. ಕ್ಯಾಚರ್ ಹುಡುಗಿ ನೀರು ಕುಡಿಯುತ್ತಾ ಎದುರಾದರೆ ಮಾತ್ರ ನಿಂತು ಒಂದು ಮಾತು ಹೇಳಿ. ನಿಮ್ಮ ಮುಖಕ್ಕೆ ಬರಬೇಕಿದ್ದ ಅರ್ಧ ಚೆಂಡುಗಳನ್ನು ತಡೆದವಳು ಅವಳೇ. ರಾತ್ರಿ ಊಟವಾದ ಮೇಲೆ, ಆ ದಿನ ನಿಮಗೆ ಅನುಮಾನ ಬಂದ ನಿಯಮವನ್ನು ಪುಸ್ತಕದಲ್ಲಿ ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. ನನ್ನದರಲ್ಲಿ ಮೊದಲ ಪುಟದ ಮೊದಲ ಸಾಲು: "ಚೆಂಡು ಗ್ಲೌಸಿನಲ್ಲಿ ನಿಂತಿತೇ?"